ನೀರಿಗೊಂದು ರಾತ್ರಿ ಬಿಟ್ಟುಕೊಡಿ

ಏಪ್ರಿಲ್ ತಿಂಗಳ ಒಂದು ಭಾನುವಾರ. ನೆಂಟರ ಮನೆಯ ಹಿತ್ತಲಿನ ಈಜುಕೊಳದಿಂದ ಮಕ್ಕಳು ಒಬ್ಬೊಬ್ಬರಾಗಿ ಮೇಲೆ ಬರುತ್ತಾರೆ. ಕಣ್ಣು ಕೆಂಡದ ಹಾಗಾಗಿದೆ, ಮೂಗು ಸೋರುತ್ತಿದೆ, ಒಬ್ಬನಿಗೆ ಬಿಟ್ಟೂ ಬಿಡದ ಕೆಮ್ಮು. ಕೊಳದ ಸುತ್ತ ಮೂಗಿಗೆ ಬಡಿಯುವ ಔಷಧಿ ವಾಸನೆ. ಜಗಲಿಯಲ್ಲಿ ಕೂತ ಹಿರಿಯರೊಬ್ಬರು ತೀರ್ಪು ಕೊಡುತ್ತಾರೆ: ‘ಕ್ಲೋರಿನ್ ಜಾಸ್ತಿ ಸುರಿದಿದ್ದೀರಿ, ಒಂದು ವಾರ ಹಾಕಲೇಬೇಡಿ.’ ಮನೆಯವರು ಹಾಗೆಯೇ ಮಾಡುತ್ತಾರೆ. ಮುಂದಿನ ಭಾನುವಾರದ ಹೊತ್ತಿಗೆ ನೀರು ಎಳೆಹಸಿರು, ಅದರ ಮುಂದಿನ ವಾರಕ್ಕೆ ಗಾಢಹಸಿರು. ಆಮೇಲೆ ಮೋಟಾರು ಹಚ್ಚಿ ಕೊಳವನ್ನು ಚರಂಡಿಗೆ ಖಾಲಿ ಮಾಡುತ್ತಾರೆ, ಟ್ಯಾಂಕರ್‌ನವರಿಗೆ ಫೋನ್ ಹೋಗುತ್ತದೆ.

ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ, ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇಗಳಲ್ಲಿ ಈ ಕಥೆಯನ್ನು ಬೇರೆ ಬೇರೆ ರೂಪದಲ್ಲಿ ನೋಡಿದ್ದೇನೆ. ಪ್ರತಿ ಸಲವೂ ಮನಸ್ಸಿಗೆ ನೋವಾಗುತ್ತದೆ. ಏಕೆಂದರೆ ಆ ಹಿರಿಯರು ಹೇಳಿದ್ದು ಪ್ರೀತಿಯಿಂದಲೇ ಆದರೂ ಅದು ಪೂರಾ ತಿರುವುಮುರುವು. ಅಂಥ ವಾಸನೆ ಬರುವ ಕೊಳದಲ್ಲಿ ಕ್ಲೋರಿನ್ ಹೆಚ್ಚಾಗಿರುವುದಿಲ್ಲ, ಸಾಲದೆ ಬಂದಿರುತ್ತದೆ. ಆ ನೀರನ್ನು ಚೆಲ್ಲುವ ಅಗತ್ಯವೂ ಇರಲಿಲ್ಲ. ಸರಿಯಾದ ಅಳತೆಯ ಮದ್ದು ಹಾಕಿ, ಅದಕ್ಕೊಂದು ರಾತ್ರಿಯ ಬಿಡುವು ಕೊಟ್ಟಿದ್ದರೆ ನೀರು ತಾನೇ ಚೇತರಿಸಿಕೊಳ್ಳುತ್ತಿತ್ತು. ಕೊಳ ನೋಡಿಕೊಳ್ಳುವವರು ಈ ಮದ್ದನ್ನು ‘ಶಾಕ್’ ಎನ್ನುತ್ತಾರೆ. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ವಾರ ಬಿಡಿಸಿ ಹೇಳುತ್ತೇನೆ.

ವಾಸನೆ ಯಾವುದರದ್ದು?

ಕ್ಲೋರಿನ್ ನೀರಿಗೆ ಬಿದ್ದ ಕೂಡಲೇ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುಗಳನ್ನು ಕೊಲ್ಲುವ ಯೋಧ ಇದೇ. ಕೆಲಸವಿಲ್ಲದೆ, ಬರುವ ಶತ್ರುವಿಗಾಗಿ ಕಾಯುತ್ತ ನೀರಿನಲ್ಲಿ ಉಳಿದಿರುವ ಇಂಥ ಕ್ಲೋರಿನ್ನಿಗೆ ‘ಮುಕ್ತ ಕ್ಲೋರಿನ್’ ಎಂದು ಹೆಸರು. ಇದಕ್ಕೆ ಅಷ್ಟಾಗಿ ವಾಸನೆ ಇಲ್ಲ.

ಈಜುವವರು ನೀರಿಗೆ ಬೆವರು ತರುತ್ತಾರೆ, ಮೈಯ ಕೊಳೆ ತರುತ್ತಾರೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ತರುತ್ತಾರೆ. ಮಕ್ಕಳು ಕೆಲವೊಮ್ಮೆ ಮೂತ್ರವನ್ನೂ ಬಿಡುತ್ತಾರೆ. ಬೆವರು, ಮೂತ್ರಗಳಲ್ಲಿರುವ ಸಾರಜನಕದ ವಸ್ತುಗಳು ಮುಕ್ತ ಕ್ಲೋರಿನ್ನನ್ನು ಹಿಡಿದು ಕಟ್ಟಿಹಾಕುತ್ತವೆ. ಹಾಗೆ ಹುಟ್ಟುವುದು ಕ್ಲೋರಮೈನ್. ಕಣ್ಣು ಉರಿಸುವುದು, ಗಂಟಲು ಕೆರೆಯುವುದು, ಆ ಘಾಟು ವಾಸನೆ ಹರಡುವುದು ಇದೇ. ಇದರಲ್ಲೂ ಮೂರು ಬಗೆಯಿದ್ದು, ಟ್ರೈಕ್ಲೋರಮೈನ್ ಎಂಬುದು ನೀರಿನಿಂದ ಎದ್ದು ಗಾಳಿಗೆ ಸೇರಿ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುತ್ತದೆ. ಕ್ಲೋರಮೈನಿಗೆ ರೋಗಾಣು ಕೊಲ್ಲುವ ಶಕ್ತಿ ಬಹಳ ಕಡಿಮೆ. ಅಂದರೆ ಆ ಭಾನುವಾರದ ಕೊಳದಲ್ಲಿ ಯೋಧರೆಲ್ಲ ಸೆರೆಯಾಗಿದ್ದರು. ಮನೆಯವರು ಹೊಸ ಯೋಧರನ್ನು ಕಳಿಸುವುದನ್ನೇ ನಿಲ್ಲಿಸಿಬಿಟ್ಟರು.

ಹೀಗೆ ಕಟ್ಟಿಬಿದ್ದ ಕ್ಲೋರಿನ್ನನ್ನು ಅಳೆಯುವುದು ಕಷ್ಟವಲ್ಲ. ಒಟ್ಟು ಕ್ಲೋರಿನ್ನಿನಿಂದ ಮುಕ್ತ ಕ್ಲೋರಿನ್ನನ್ನು ಕಳೆದರೆ ಉಳಿಯುವುದೇ ಅದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆಯಂತೆ ಇದು 0.4 ಪಿಪಿಎಂ ದಾಟಬಾರದು. ಪಿಪಿಎಂ ಎಂಬ ಅಳತೆಗೆ ಹೆದರಬೇಕಿಲ್ಲ. ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಸೇರಿದರೆ ಅದು 1 ಪಿಪಿಎಂ.

ಪರೀಕ್ಷೆಯ ಕಿಟ್ ಕೊಳ್ಳುವಾಗ ಮಾತ್ರ ಒಂದು ವಿಷಯ ಗಮನಿಸಿ. ಹನಿ ಹಾಕಿದರೆ ನೀರು ಹಳದಿಯಾಗುವ ಓಟಿಓ ಕಿಟ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಅದು ತೋರಿಸುವುದು ಒಟ್ಟು ಕ್ಲೋರಿನ್ ಮಾತ್ರ. ಹಳದಿ ಬಣ್ಣ ಗಾಢವಾಗಿ ಬಂತೆಂದು ನೀವು ನೆಮ್ಮದಿಯಿಂದಿರುವಾಗ ಅದರ ಬಹುಪಾಲು ಸೆರೆಯಾದ ಕ್ಲೋರಿನ್ನೇ ಆಗಿರಬಹುದು. ನೀರನ್ನು ಗುಲಾಬಿ ಮಾಡುವ ಡಿಪಿಡಿ ಕಿಟ್ ಮುಕ್ತ ಮತ್ತು ಒಟ್ಟು ಕ್ಲೋರಿನ್ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಮನೆಯಲ್ಲಿ ಕೊಳ ಇಟ್ಟುಕೊಂಡವರು ಡಿಪಿಡಿಗೆ ಹಣ ಹಾಕುವುದೇ ಸರಿ. ಇದರಲ್ಲೂ ಒಂದು ಮೋಸವಿದೆ. ಕ್ಲೋರಿನ್ ವಿಪರೀತ ಇದ್ದಾಗ ಆ ಗುಲಾಬಿ ಬಣ್ಣವೇ ಬಿಳಿಚಿಕೊಂಡು, ನೀರಿನಲ್ಲಿ ಕ್ಲೋರಿನ್ನೇ ಇಲ್ಲವೆಂಬಂತೆ ಕಾಣಬಹುದು. ಅನುಮಾನ ಬಂದರೆ ಮಾದರಿಗೆ ಕುಡಿಯುವ ಬಾಟಲಿ ನೀರು ಬೆರೆಸಿ ತೆಳುಮಾಡಿ ಮತ್ತೆ ನೋಡಬೇಕು.

ಘಾಟಿ ದಾಟಿಸುವ ಲೆಕ್ಕ

ವಾಸನೆ ಬಂತು, ಸರಿ, ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ಕ್ಲೋರಿನ್ ಹಾಕಿದರಾಗದೇ ಎಂದು ಕೇಳಬಹುದು. ಆಗದು. ಶಾಕ್ ಎಂಬ ಹೆಸರು ಬಂದಿರುವುದೇ ಈ ಕಾರಣಕ್ಕೆ.

ಕ್ಲೋರಮೈನ್ ತುಂಬಿದ ನೀರಿಗೆ ಕ್ಲೋರಿನ್ ಸೇರಿಸುತ್ತ ಹೋದರೆ ಮೊದಲು ಕ್ಲೋರಮೈನ್ ಇನ್ನಷ್ಟು ಹೆಚ್ಚುತ್ತದೆ. ಸೇರಿಸುತ್ತಲೇ ಹೋದರೆ ಒಂದು ಶಿಖರ ಮುಟ್ಟಿ, ಅಲ್ಲಿಂದ ಕ್ಲೋರಮೈನ್ ಒಡೆಯಲು ಶುರುವಾಗುತ್ತದೆ. ಸಾರಜನಕ ಅನಿಲವಾಗಿ ಗಾಳಿಗೆ ಹೋಗುತ್ತದೆ, ನೀರು ಹಗುರಾಗುತ್ತದೆ. ಈ ಇಳಿಜಾರಿನ ಕೊನೆಯ ತಾಣಕ್ಕೆ ರಸಾಯನ ವಿಜ್ಞಾನದಲ್ಲಿ ಬ್ರೇಕ್‌ಪಾಯಿಂಟ್ ಎನ್ನುತ್ತಾರೆ. ಅದನ್ನು ದಾಟಿದ ಮೇಲೆ ಹಾಕಿದ ಕ್ಲೋರಿನ್ ಮಾತ್ರ ಮುಕ್ತವಾಗಿ ಉಳಿಯುತ್ತದೆ. ಉಜಿರೆಯಿಂದ ಹೊರಟ ಬಸ್ಸು ಚಾರ್ಮಾಡಿ ಘಾಟಿಯ ನಡುವೆ ನಿಂತರೆ ಊರಿಗೂ ಇಲ್ಲ, ಕೊಟ್ಟಿಗೆಹಾರಕ್ಕೂ ಇಲ್ಲ. ಅರೆಬರೆ ಶಾಕ್ ಕೂಡ ಹಾಗೆಯೇ. ದಿನವೂ ಒಂದು ಹಿಡಿ ಪುಡಿ ಎಸೆಯುವ ಮನೆಗಳಲ್ಲಿ ವಾಸನೆ ದಿನದಿನಕ್ಕೆ ಏರುವುದು ಇದರಿಂದಲೇ. ದಾಟುವುದಾದರೆ ಒಂದೇ ಏಟಿಗೆ ದಾಟಬೇಕು.

ಎಷ್ಟು ಹಾಕಬೇಕು? ರೂಢಿಯಲ್ಲಿರುವ ಸೂತ್ರ ಸರಳ: ಕಟ್ಟಿಬಿದ್ದ ಕ್ಲೋರಿನ್ನಿನ ಹತ್ತು ಪಟ್ಟು. ಒಂದು ಉದಾಹರಣೆ ನೋಡೋಣ. ಕೊಳದ ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.25 ಮೀಟರ್ ಎಂದುಕೊಳ್ಳಿ. ಗುಣಿಸಿದರೆ 40 ಘನ ಮೀಟರ್, ಎಂದರೆ 40,000 ಲೀಟರ್. ಒಟ್ಟು ಕ್ಲೋರಿನ್ 3.2, ಮುಕ್ತ ಕ್ಲೋರಿನ್ 2 ಬಂತು ಎನ್ನೋಣ. ಸೆರೆಯಾದದ್ದು 1.2. ಅದರ ಹತ್ತು ಪಟ್ಟು 12. ಈಗಾಗಲೇ 2 ಇದೆ, ಇನ್ನು 10 ಪಿಪಿಎಂ ಬೇಕು. ಸಾವಿರ ಲೀಟರಿಗೆ 10 ಗ್ರಾಂ ಎಂದರೆ 40,000 ಲೀಟರಿಗೆ 400 ಗ್ರಾಂ ಕ್ಲೋರಿನ್.

ಅಂಗಡಿಯಲ್ಲಿ ಸಿಗುವ ಯಾವುದೂ ನೂರಕ್ಕೆ ನೂರು ಕ್ಲೋರಿನ್ ಅಲ್ಲ. ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು 615 ಗ್ರಾಂ ಬೇಕು. ಶೇ 10ರ ದ್ರವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಆದರೆ 4 ಲೀಟರ್. ಶೇ 33ರ ಬ್ಲೀಚಿಂಗ್ ಪೌಡರ್ ಆದರೆ ಸುಮಾರು 1.2 ಕಿಲೋ. ಈ ಲೆಕ್ಕ ಹೊಸ ಮಾಲಿಗೆ. ಹೈಪೋ ಬಿಸಿಲು, ಸೆಕೆಯಲ್ಲಿ ಕೂತು ಕೂತು ಶಕ್ತಿ ಕಳೆದುಕೊಳ್ಳುತ್ತದೆ. ಬಾಯಿ ಬಿಚ್ಚಿಟ್ಟ ಬ್ಲೀಚಿಂಗ್ ಪೌಡರ್ ಕೂಡ ತೇವ ಹೀರಿ ಸಪ್ಪೆಯಾಗುತ್ತದೆ. ಕೊಳದ ಅಳತೆಯನ್ನು ಪಂಪ್‌ಹೌಸಿನ ಗೋಡೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆದಿಡಿ. ಕಣ್ಣಂದಾಜಿನಲ್ಲಿ ಸುರಿಯುವ ಕೆಟ್ಟ ಅಭ್ಯಾಸ ಅಂದಿಗೇ ನಿಂತೀತು.

ಬಾವಿ ಕಲಿಸಿದ ಪಾಠ

ಈ ವಿದ್ಯೆ ನಮಗೆ ಪರಕೀಯವಲ್ಲ. ಮಳೆಗಾಲ ಶುರುವಾದಾಗ, ಎಲ್ಲಾದರೂ ವಾಂತಿಭೇದಿ ಸುದ್ದಿ ಬಂದಾಗ ಆರೋಗ್ಯ ಇಲಾಖೆಯವರೋ ಪಂಚಾಯಿತಿಯವರೋ ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದುದು ನನ್ನ ವಯಸ್ಸಿನ ಹಳ್ಳಿಯವರಿಗೆಲ್ಲ ನೆನಪಿರುತ್ತದೆ. ಸಾವಿರ ಲೀಟರ್ ಬಾವಿ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬುದು ನಮ್ಮ ಸಮುದಾಯ ಆರೋಗ್ಯದ ಪಠ್ಯಗಳಲ್ಲಿರುವ ಅಳತೆ.

ಅವರು ಪುಡಿಯನ್ನು ನೇರವಾಗಿ ಬಾವಿಗೆ ಸುರಿಯುತ್ತಿರಲಿಲ್ಲ. ಬಕೆಟ್ಟಿನಲ್ಲಿ ಮೊದಲು ಗಂಜಿಯ ಹದಕ್ಕೆ ಕಲಸಿ, ಆಮೇಲೆ ನೀರು ಬೆರೆಸಿ ಕದಡಿ, ಐದು ಹತ್ತು ನಿಮಿಷ ಬಿಡುತ್ತಿದ್ದರು. ಸುಣ್ಣ ತಳಕ್ಕೆ ಕೂರುತ್ತಿತ್ತು. ಮೇಲಿನ ತಿಳಿಯನ್ನಷ್ಟೇ ಬೇರೆ ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ನೀರಿಗೆ ಬೆರೆಸುತ್ತಿದ್ದರು. ಸುಣ್ಣದ ಗಸಿ ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆಂಬ ತಿಳಿವಳಿಕೆ ಅದು. ಇದಕ್ಕೆ ಒಳ್ಳೆಯ ಹೊತ್ತು, ಎಲ್ಲರೂ ನೀರು ಸೇದಿ ಮುಗಿದ ಮೇಲಿನ ರಾತ್ರಿ. ಬೆಳಗಿನವರೆಗೆ ಕೊಡಪಾನ ಇಳಿಸಬೇಡಿ ಎಂದು ಹೇಳಿ ಹೋಗುತ್ತಿದ್ದರು. ನನ್ನ ಅಜ್ಜಿ ಬಾವಿಕಟ್ಟೆಯ ರಾಟೆಗೆ ಹಗ್ಗ ಸುತ್ತಿ ಗಂಟು ಹಾಕಿಬಿಡುತ್ತಿದ್ದರು. ಮಕ್ಕಳಾದ ನಮಗೆ ಅದೊಂದು ವ್ರತದಂತೆ ಕಾಣುತ್ತಿತ್ತು.

ಈಜುಕೊಳದ ಶಾಕ್‌ನ ಸಾರವೆಲ್ಲ ಆ ಬಾವಿಕಟ್ಟೆಯಲ್ಲೇ ಇದೆ: ಅಳೆದು ಹಾಕುವುದು, ಕರಗಿಸಿ ಹಾಕುವುದು, ಸಂಜೆ ಹಾಕುವುದು, ಬೆಳಗಿನವರೆಗೆ ನೀರನ್ನು ಮುಟ್ಟದಿರುವುದು.

ಸಂಜೆಯೇ ಏಕೆ?

ಬಿಸಿಲಿನ ನೇರಳಾತೀತ ಕಿರಣ ಮುಕ್ತ ಕ್ಲೋರಿನ್ನನ್ನು ಒಡೆದು ಹಾಕುತ್ತದೆ. ರಕ್ಷಣೆ ಇಲ್ಲದ ಕೊಳದಲ್ಲಿ ನಡುಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧದಷ್ಟು ಕ್ಲೋರಿನ್ ಕಾಣೆಯಾಗಬಲ್ಲದು. ಬೆಳಿಗ್ಗೆ ಹತ್ತಕ್ಕೆ ಶಾಕ್ ಹಾಕಿದರೆ ನೀವು ಕೊಟ್ಟ ಹಣದ ದೊಡ್ಡ ಪಾಲು ಸೂರ್ಯನಿಗೆ ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಹಾಕಿದ್ದು ರಾತ್ರಿಯಿಡೀ ನೀರಿನಲ್ಲೇ ಇದ್ದು ಕೆಲಸ ಮಾಡುತ್ತದೆ.

ಹಾಕುವ ಮೊದಲು ಪಿಎಚ್ ನೋಡಲೇಬೇಕು. ಪಿಎಚ್ 7.5ರ ಆಸುಪಾಸಿನಲ್ಲಿ ಮುಕ್ತ ಕ್ಲೋರಿನ್ನಿನ ಅರ್ಧದಷ್ಟು ಮಾತ್ರ ಪ್ರಬಲವಾದ ಹೈಪೋಕ್ಲೋರಸ್ ಆಮ್ಲವಾಗಿರುತ್ತದೆ. ಉಳಿದರ್ಧ ಸೋಮಾರಿಯಾದ ಹೈಪೋಕ್ಲೋರೈಟ್. ಪಿಎಚ್ 8ಕ್ಕೆ ಏರಿದರೆ ಪ್ರಬಲ ಭಾಗ ಕಾಲುಪಾಲಿಗೆ ಇಳಿಯುತ್ತದೆ, 8.5ಕ್ಕೆ ಹೋದರೆ ಹತ್ತರಲ್ಲೊಂದು ಪಾಲಿಗೆ. ಅಷ್ಟೇ ಔಷಧಿ, ಅಷ್ಟೇ ಖರ್ಚು, ಫಲ ಮಾತ್ರ ಇಷ್ಟು ಬೇರೆ. ಆದ್ದರಿಂದ ಶಾಕ್‌ಗೆ ಮುಂಚೆ ಪಿಎಚ್ 7.2ರಿಂದ 7.4ಕ್ಕೆ ತಂದುಕೊಳ್ಳುವುದು ಒಳ್ಳೆಯದು. ಹೆಚ್ಚಿದ್ದರೆ ಆಸಿಡ್, ಕಡಿಮೆಯಿದ್ದರೆ ಸೋಡಾ ಆಶ್. ಆಸಿಡ್ ಹಾಕಬೇಕಾದರೆ ಬೆಳಿಗ್ಗೆಯೇ ಹಾಕಿ ಪಂಪು ಓಡಿಸಿ. ಸಂಜೆಯ ಕ್ಲೋರಿನ್ನಿಗೂ ಅದಕ್ಕೂ ಹಲವು ಗಂಟೆಗಳ ಅಂತರವಿರಲಿ.

ಸಂಜೆ ಕೊಳದ ಮೇಲಿನ ಹೊದಿಕೆ ತೆಗೆದುಬಿಡಿ, ಒಡೆದ ಕ್ಲೋರಮೈನ್ ಹೊರಗೆ ಹೋಗಲು ದಾರಿ ಬೇಕು. ಪಂಪು ಹಾಕಿ ನೀರು ಸುತ್ತುತ್ತಿರಲಿ. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಹೊಯ್ಯಬಾರದು. ಕರಗಿದ ತಿಳಿಯನ್ನು ಕೊಳದ ಅಂಚಿನುದ್ದಕ್ಕೂ ನಡೆಯುತ್ತ, ಗಾಳಿ ನಿಮ್ಮ ಬೆನ್ನಿಗಿರುವಂತೆ ನೋಡಿಕೊಂಡು ಸುರಿಯಿರಿ. ಫಿಲ್ಟರ್ ರಾತ್ರಿಯಿಡೀ ಓಡಲಿ. ಬೆಳಿಗ್ಗೆ ಅಳೆದು, ಮುಕ್ತ ಕ್ಲೋರಿನ್ 4 ಪಿಪಿಎಂಗೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು.

ಮಾತ್ರೆಯ ಹಿಂದಿನ ಸಾಲ

ನಮ್ಮಲ್ಲಿ ಕೊಳದ ಕೆಲಸದವರು ಹೆಚ್ಚಾಗಿ ಬಳಸುವುದು ಟಿಸಿಸಿಎ 90 ಎಂಬ ಕ್ಲೋರಿನ್ ಮದ್ದು. ಪುಡಿಯೂ ಸಿಗುತ್ತದೆ, ಮಾತ್ರೆಯೂ ಸಿಗುತ್ತದೆ. ಶಕ್ತಿ ಹೆಚ್ಚು, ಇಟ್ಟರೆ ಕೆಡುವುದಿಲ್ಲ, ನಿಧಾನವಾಗಿ ಕರಗುತ್ತದೆ. ದಿನನಿತ್ಯಕ್ಕೆ ಅನುಕೂಲವೇ. ಆದರೆ ಅದು ಕ್ಲೋರಿನ್ ಒಂದನ್ನೇ ಹೊತ್ತು ಬರುವುದಿಲ್ಲ, ಸಯನ್ಯೂರಿಕ್ ಆಮ್ಲವನ್ನೂ ಜೊತೆಗೆ ತರುತ್ತದೆ. ಇದು ಕ್ಲೋರಿನ್ನಿಗೆ ಹಿಡಿದ ಕೊಡೆ. ಬಿಸಿಲಿಗೆ ಕರಗಿಹೋಗದಂತೆ ಕಾಪಾಡುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಬಯಲಿನ ಕೊಳಕ್ಕೆ ಉಪಕಾರಿ.

ತೊಂದರೆ ಏನೆಂದರೆ ಕ್ಲೋರಿನ್ ಖರ್ಚಾಗುತ್ತದೆ, ಕೊಡೆ ಖರ್ಚಾಗುವುದಿಲ್ಲ. ಟಿಸಿಸಿಎಯಿಂದ ಪ್ರತಿ 1 ಪಿಪಿಎಂ ಕ್ಲೋರಿನ್ ಹಾಕಿದಾಗ ಸುಮಾರು 0.6 ಪಿಪಿಎಂ ಸಯನ್ಯೂರಿಕ್ ಆಮ್ಲ ನೀರಿನಲ್ಲಿ ಉಳಿಯುತ್ತದೆ. ದಿನಕ್ಕೆ 2 ಪಿಪಿಎಂ ಹಾಕಿದರೂ ತಿಂಗಳಿಗೆ 36 ಆಯಿತು, ಮೂರು ತಿಂಗಳಿಗೆ ನೂರು ದಾಟಿತು. ಆ ಹೊತ್ತಿಗೆ ಕೊಡೆಯ ನೆರಳು ಎಷ್ಟು ದಟ್ಟವಾಗಿರುತ್ತದೆಂದರೆ ಕ್ಲೋರಿನ್ ಇದ್ದೂ ಕೆಲಸ ಮಾಡದು. ‘ಎಷ್ಟು ಹಾಕಿದರೂ ಪಾಚಿ ಹೋಗುತ್ತಿಲ್ಲ’ ಎಂದು ದೂರುವವರ ಕೊಳದಲ್ಲಿ ಮೊದಲು ಅಳೆಯಬೇಕಾದದ್ದು ಇದನ್ನೇ.

ಆದ್ದರಿಂದ ಶಾಕ್ ಕೊಡಲು ಟಿಸಿಸಿಎ ಬೇಡ. ದ್ರವ ಹೈಪೋ ಅಥವಾ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸರಿ. ನಿಮ್ಮದು ಗಡಸು ಬೋರ್‌ವೆಲ್ ನೀರಾದರೆ ದ್ರವ ಹೈಪೋವೇ ಮೇಲು, ಇಲ್ಲವಾದರೆ ಕ್ಯಾಲ್ಸಿಯಂ ಏರುತ್ತ ಹೋಗಿ ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪಾಚಿ ತೆಗೆಯಲು ಎಷ್ಟು ಬೇಕೆಂಬುದು ಸಯನ್ಯೂರಿಕ್ ಆಮ್ಲದ ಮೇಲೆ ನಿಂತಿದೆ. ಅದರ ಸುಮಾರು ಶೇ 40ರಷ್ಟು ಮುಕ್ತ ಕ್ಲೋರಿನ್ ಇರಬೇಕೆಂಬುದು ಅನುಭವಿಗಳು ಅನುಸರಿಸುವ ಅಂದಾಜು. ಸಯನ್ಯೂರಿಕ್ ಆಮ್ಲ 30 ಇದ್ದರೆ 12 ಪಿಪಿಎಂ, 50 ಇದ್ದರೆ 20 ಪಿಪಿಎಂ. ನೂರು ದಾಟಿದ ಕೊಳಕ್ಕೆ ನೀರಿನ ಒಂದು ಪಾಲು ಬದಲಾಯಿಸುವುದೇ ಉಳಿದ ದಾರಿ. ಮೂರು ತಿಂಗಳ ಹಿಂದೆ ಎಚ್ಚರ ವಹಿಸಿದ್ದರೆ ಆ ನೀರು ಉಳಿಯುತ್ತಿತ್ತು.

ಪೊಟ್ಯಾಸಿಯಂ ಮೊನೊಪರ್ಸಲ್ಫೇಟ್ ಎಂಬ ಕ್ಲೋರಿನ್ ಇಲ್ಲದ ಶಾಕ್ ಕೂಡ ಇದೆ. ಅದು ಬೆವರು, ಎಣ್ಣೆಗಳ ಕೊಳೆಯನ್ನು ಸುಡುತ್ತದೆ, ಬೇಗ ನೀರಿಗಿಳಿಯಬಹುದು. ಪಾಚಿ, ರೋಗಾಣುಗಳ ಎದುರು ಅದನ್ನು ನಂಬಿ ಕೂರುವಂತಿಲ್ಲ. ಉಪ್ಪಿನ ಕೊಳ ಇರುವವರು ನಮಗೆ ಕ್ಲೋರಿನ್ನೇ ಬೇಡ ಎಂದುಕೊಳ್ಳುವುದುಂಟು. ಅವರ ಯಂತ್ರ ವಿದ್ಯುತ್ ಹಾಯಿಸಿ ಉಪ್ಪಿನಿಂದ ತಯಾರಿಸುವುದು ಕ್ಲೋರಿನ್ನನ್ನೇ. ಮೇಲಿನ ನಿಯಮಗಳೆಲ್ಲ ಅವರಿಗೂ ಅನ್ವಯಿಸುತ್ತವೆ.

ನೀರು ಹಸಿರಾದಾಗ

ಮೇ ತಿಂಗಳ ಗುಡುಗು ಮಳೆ ಬಂದ ಮೇಲೆ ಎರಡು ದಿನ ಕರೆಂಟ್ ಇಲ್ಲದೆ ಪಂಪು ನಿಂತರೆ ಸಾಕು, ಕೊಳ ಹಸಿರಾಗುತ್ತದೆ. ಮಳೆ ಕ್ಲೋರಿನ್ನನ್ನು ತೆಳುಮಾಡುತ್ತದೆ, ಎಲೆ, ಧೂಳು, ಪರಾಗ ತಂದು ಹಾಕುತ್ತದೆ. ಹಸಿರು ನೀರಿಗೆ ಶಾಕ್ ಒಂದೇ ಸಾಲದು, ಕೈಕೆಲಸವೂ ಬೇಕು. ಮೊದಲು ತಳದ ಎಲೆ ಕಸ ಎತ್ತಬೇಕು, ಅದು ಕ್ಲೋರಿನ್ನನ್ನು ಸುಮ್ಮನೆ ತಿನ್ನುತ್ತದೆ. ಗೋಡೆ, ಮೆಟ್ಟಿಲ ಸಂದುಗಳನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಬೇಕು, ಏಕೆಂದರೆ ಪಾಚಿಯ ಮೇಲೆ ಲೋಳೆಯ ಪೊರೆಯಿದ್ದು ಅದರೊಳಗೆ ಔಷಧಿ ಇಳಿಯದು. ಆಮೇಲೆ ಶಾಕ್. ಒಂದೇ ಸಲಕ್ಕೆ ಬಗ್ಗದಿದ್ದರೆ ಮರುದಿನ ಅಳೆದು, ಇಳಿದಷ್ಟನ್ನು ಮತ್ತೆ ತುಂಬಿ ಅದೇ ಮಟ್ಟದಲ್ಲಿ ಹಿಡಿದಿಡಬೇಕು.

ಪಾಚಿ ಸತ್ತಾಗ ಹಸಿರು ಹೋಗಿ ನೀರು ಹಾಲು ಬೆರೆಸಿದಂತೆ ಬೂದುಬಿಳಿಯಾಗುತ್ತದೆ. ಇದು ಗುಣವಾಗುತ್ತಿರುವ ಲಕ್ಷಣ, ಹೆದರಬೇಡಿ. ಸತ್ತದ್ದನ್ನು ಹಿಡಿಯುವುದು ಫಿಲ್ಟರಿನ ಕೆಲಸ. ಮರಳು ಫಿಲ್ಟರ್ ಕಟ್ಟಿಕೊಂಡು ಒತ್ತಡದ ಮುಳ್ಳು ಏರಿದಾಗ ಬ್ಯಾಕ್‌ವಾಶ್ ಮಾಡಿ. ಬೇಗ ತಿಳಿಯಾಗಬೇಕೆಂದರೆ ಪಟಿಕ ಹಾಕಿ ಕಲ್ಮಶವನ್ನು ತಳಕ್ಕೆ ಕೂರಿಸಿ ಮೆಲ್ಲಗೆ ಹೀರಿ ಹೊರಹಾಕುವ ದಾರಿಯೂ ಇದೆ.

ಅಡಿಕೆ, ಕಾಫಿ ಸೀಮೆಯ ಕೆಲವು ಮನೆಗಳಲ್ಲಿ ಪಾಚಿಗೆ ಮೈಲುತುತ್ತ ಹಾಕುವುದನ್ನು ನೋಡಿದ್ದೇನೆ. ಬೋರ್ಡೋ ದ್ರಾವಣಕ್ಕೆ ತಂದದ್ದು ಮನೆಯಲ್ಲೇ ಇರುತ್ತದಲ್ಲ! ತಾಮ್ರ ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಕ್ಲೋರಿನ್ ಮಾಡುವ ಕೆಲಸವನ್ನು ಅದು ಮಾಡಲಾರದು. ನೀರಿನಲ್ಲಿ ಶೇಖರವಾದ ತಾಮ್ರ ಗೋಡೆಗೆ ಕಲೆ ಕಟ್ಟುತ್ತದೆ, ನರೆತ ಕೂದಲಿಗೆ ಹಸಿರು ಛಾಯೆ ತರುತ್ತದೆ. ಬೋರ್‌ವೆಲ್ ನೀರಿನ ಕಬ್ಬಿಣದ್ದೂ ಇಂಥದೇ ಕಥೆ. ತಿಳಿಯಾಗಿದ್ದ ನೀರು ಶಾಕ್ ಹಾಕಿದ ಕೂಡಲೇ ಚಹಾ ಬಣ್ಣಕ್ಕೆ ತಿರುಗಿದರೆ ಔಷಧಿ ಕೆಟ್ಟದ್ದೆಂದು ಗಾಬರಿಯಾಗಬೇಡಿ. ಕರಗಿದ್ದ ಕಬ್ಬಿಣ ತುಕ್ಕಾಗಿ ಹೊರಬಿದ್ದಿದೆ. ಫಿಲ್ಟರ್ ಅದನ್ನು ಹಿಡಿಯಲು ಬಿಡಿ.

ಕದಡಿದ ನೀರಿನ ದೊಡ್ಡ ಅಪಾಯ ಬೇರೆಯೇ ಇದೆ. ತಳ ಕಾಣದ ಕೊಳದಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ. ಆಳದ ತುದಿಯ ತಳದಲ್ಲಿರುವ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಅಂದು ಯಾರನ್ನೂ ಇಳಿಸಬೇಡಿ. ಇದರಲ್ಲಿ ರಾಜಿ ಬೇಡವೇ ಬೇಡ.

ರೋಗದ ಲೆಕ್ಕ

ಸಯನ್ಯೂರಿಕ್ ಆಮ್ಲ ಬಳಸದ ಕೊಳದಲ್ಲಿ ಕನಿಷ್ಠ 1 ಪಿಪಿಎಂ, ಬಳಸುವ ಕೊಳದಲ್ಲಿ ಕನಿಷ್ಠ 2 ಪಿಪಿಎಂ ಮುಕ್ತ ಕ್ಲೋರಿನ್ ಯಾವಾಗಲೂ ಇರಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. 1 ಪಿಪಿಎಂ ಇದ್ದರೆ ಭೇದಿ ತರುವ ಇ. ಕೋಲಿ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್ ಎ ವೈರಸ್‌ಗೆ ಸುಮಾರು 16 ನಿಮಿಷ, ಜಿಯಾರ್ಡಿಯಾಗೆ ಸುಮಾರು 45 ನಿಮಿಷ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಮಾತ್ರ ಹತ್ತು ದಿನಕ್ಕೂ ಹೆಚ್ಚು ಕಾಲ ಜಗ್ಗದೆ ನಿಲ್ಲುತ್ತದೆ. ಅದಕ್ಕೇ ಮಗು ಕೊಳದಲ್ಲಿ ಭೇದಿ ಮಾಡಿಕೊಂಡರೆ ಎಲ್ಲರನ್ನೂ ತಕ್ಷಣ ಮೇಲೆತ್ತಿ ಕೊಳ ಮುಚ್ಚಬೇಕು. ಸಯನ್ಯೂರಿಕ್ ಆಮ್ಲ ಇಲ್ಲದ ಕೊಳದಲ್ಲಿ, ಪಿಎಚ್ 7.5 ದಾಟದಂತೆ, 20 ಪಿಪಿಎಂ ಕ್ಲೋರಿನ್ನನ್ನು 12 ಗಂಟೆ 45 ನಿಮಿಷ ಹಿಡಿದಿಡಬೇಕು. ಆ ಆಮ್ಲ ಇದ್ದರೆ ಇನ್ನೂ ಎಷ್ಟೋ ಹೆಚ್ಚು ಹೊತ್ತು ಬೇಕು. ಭೇದಿ ಇರುವ ಮಗುವನ್ನು ನೀರಿಗೆ ಇಳಿಸದಿರುವುದೇ ಎಲ್ಲಕ್ಕಿಂತ ದೊಡ್ಡ ಔಷಧಿ.

ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಕಾಣಿಸಿಕೊಂಡ ಅಮೀಬಾ ಮಿದುಳುಜ್ವರ ನಮ್ಮಲ್ಲೂ ದಿಗಿಲು ಹುಟ್ಟಿಸಿತು. ಬೆಚ್ಚಗಿನ ಸಿಹಿನೀರಿನಲ್ಲಿರುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ದಾರಿಯಿಂದ ಮಿದುಳಿಗೆ ಹೋಗುತ್ತದೆ. ಕುಡಿದರೆ ಬರುವ ರೋಗ ಅಲ್ಲ. ರೋಗ ಅಪರೂಪ, ಆದರೆ ಬಂದರೆ ಬದುಕುಳಿದವರು ಕಡಿಮೆ. ಸರಿಯಾಗಿ ಕ್ಲೋರಿನ್ ಕಾಯ್ದುಕೊಂಡ ನೀರಿನಲ್ಲಿ ಅದು ಉಳಿಯದು. ‘ಕ್ಲೋರಿನ್ ಹಾಕಲೇಬೇಡಿ’ ಎಂಬ ಸಲಹೆಗೆ ನಾನು ಇಷ್ಟು ಅಂಜುವುದು ಇದಕ್ಕೇ.

ಪ್ರಾಣಕ್ಕೆ ಎರವಾಗುವ ತಪ್ಪುಗಳು

ಟಿಸಿಸಿಎಯನ್ನೂ ಬ್ಲೀಚಿಂಗ್ ಪೌಡರ್ ಅಥವಾ ಕ್ಯಾಲ್ಸಿಯಂ ಹೈಪೋಕ್ಲೋರೈಟನ್ನೂ ಎಂದೂ ಬೆರೆಸಬೇಡಿ. ಎರಡೂ ಕ್ಲೋರಿನ್ನೇ ಅಲ್ಲವೇ ಎಂಬ ಭಾವನೆ ಸಹಜ. ಆದರೆ ಅವು ಕೂಡಿದರೆ ಬೆಂಕಿ ಏಳಬಹುದು, ಸಿಡಿಯಬಹುದು. ಒಂದಕ್ಕೆ ಬಳಸಿದ ಚಮಚ, ಬಕೆಟ್, ತೇಲುವ ಡಬ್ಬಿಗಳನ್ನು ಇನ್ನೊಂದಕ್ಕೆ ಬಳಸಬೇಡಿ. ಯಾವುದೇ ಕ್ಲೋರಿನ್ ಪುಡಿಗೆ ಆಸಿಡ್ ತಾಗಿದರೆ ವಿಷಾನಿಲ ಹೊರಬರುತ್ತದೆ. ತೋಟದ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಉಗ್ರಾಣದಲ್ಲಿ ಯೂರಿಯಾ ಚೀಲದ ಪಕ್ಕದಲ್ಲೇ ಕೊಳದ ಪುಡಿಯೂ ಇರುತ್ತದೆ. ಯೂರಿಯಾ ಮತ್ತು ಹೈಪೋಕ್ಲೋರೈಟ್ ಸೇರಿದರೆ ಸ್ಫೋಟಕ ವಸ್ತು ಹುಟ್ಟಬಹುದು. ಗೊಬ್ಬರ, ಪೆಟ್ರೋಲ್, ಎಣ್ಣೆಗಳಿಂದ ದೂರ, ಗಾಳಿಯಾಡುವ, ತೇವವಿಲ್ಲದ ಬೇರೆ ಜಾಗದಲ್ಲಿ ಬೀಗ ಹಾಕಿ ಇಡಿ. ಈ ಕೆಲಸ ಮಾಡುವ ಹುಡುಗನಿಗೆ ಕೈಗವಸು, ಕನ್ನಡಕ ಕೊಡಿಸಿ. ಅವನಿಗೆ ಈ ವಿಷಯಗಳನ್ನು ಅವನ ಭಾಷೆಯಲ್ಲಿ ತಿಳಿಸಿ ಹೇಳುವುದು ಮನೆಯ ಯಜಮಾನರ ಹೊಣೆ.

ಕ್ಲೋರಿನ್ ಏರಿರುವಾಗ ಆ ನೀರನ್ನು ಹಳ್ಳಕ್ಕೆ, ಕೆರೆಗೆ ಬಿಡಬೇಡಿ. ಮೀನುಗಳು ಅತಿ ಕಡಿಮೆ ಕ್ಲೋರಿನ್ನಿಗೂ ಸಾಯುತ್ತವೆ. ಬಿಡಲೇಬೇಕಾದರೆ ಕೆಲವು ದಿನ ಬಿಸಿಲಿಗೆ ಬಿಟ್ಟು, ಅಳೆದು, ಸೊನ್ನೆಯಾದ ಮೇಲೆ ಬಿಡಿ.

ಬೆಳಿಗ್ಗೆ ನೀರು ಹೇಳುವ ಮಾತು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಹೇಳಿತು. ಆ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದವರ ಮುಖ ನನಗೆ ಮರೆತಿಲ್ಲ. ನಮ್ಮ ಉದಾಹರಣೆಯ ಆ ಪುಟ್ಟ ಕೊಳದಲ್ಲಿರುವುದು 6,000 ಲೀಟರಿನ ಸುಮಾರು ಏಳು ಟ್ಯಾಂಕರ್ ನೀರು. ಅದನ್ನು ಹಸಿರಾಯಿತೆಂದು ಚರಂಡಿಗೆ ಬಿಡುವ ಹಕ್ಕು ನಮಗಿದೆಯೇ? ಕೊಳ ಇಟ್ಟುಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ಮಕ್ಕಳು ಈಜು ಕಲಿಯುವುದು ಪ್ರಾಣ ಉಳಿಸುವ ವಿದ್ಯೆ. ಆದರೆ ಒಮ್ಮೆ ತುಂಬಿದ ನೀರನ್ನು ವರ್ಷಗಟ್ಟಲೆ ಆರೋಗ್ಯವಾಗಿ ಇಟ್ಟುಕೊಳ್ಳುವುದು ಕೊಳ ಕಟ್ಟಿಸಿದವರ ಧರ್ಮ. ಅದಕ್ಕೆ ಮೊದಲ ಹೆಜ್ಜೆ ಶಾಕ್‌ಗಿಂತ ಮುಂಚಿನದು. ಇಳಿಯುವ ಮೊದಲು ಪ್ರತಿಯೊಬ್ಬರೂ ಒಂದು ನಿಮಿಷ ಮೈಗೆ ನೀರು ಸುರಿದುಕೊಂಡರೆ ಕೊಳ ಸೇರುವ ಕೊಳೆಯ ಬಹುಪಾಲು ಅಲ್ಲೇ ತೊಳೆದುಹೋಗುತ್ತದೆ. ಮಕ್ಕಳನ್ನು ಆಗಾಗ ಮೇಲೆತ್ತಿ ಶೌಚಕ್ಕೆ ಕಳಿಸಿದರೆ ಕ್ಲೋರಮೈನಿಗೆ ಬೇಕಾದ ಸಾಮಗ್ರಿಯೇ ಕೊಳಕ್ಕೆ ಬೀಳುವುದಿಲ್ಲ.

ಇಷ್ಟಾದ ಮೇಲೂ ಶಾಕ್ ಕೊಡಬೇಕಾಗಿ ಬಂತೆನ್ನಿ. ಅದು ಫಲಿಸಿತೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಹೊತ್ತು ಮುಳುಗಿದ ಮೇಲೆ ಔಷಧಿ ಬೆರೆತ ನೀರಿನ ಮುಕ್ತ ಕ್ಲೋರಿನ್ ಅಳೆದು ಬರೆದಿಡಿ. ಮರುದಿನ ಬಿಸಿಲು ನೀರಿಗೆ ಬೀಳುವ ಮುಂಚೆ ಎದ್ದು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ. ಆದರೂ ಕ್ಲೋರಿನ್ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ನೀರಿನೊಳಗೆ ಕಣ್ಣಿಗೆ ಕಾಣದ ಏನೋ ಇನ್ನೂ ಅದನ್ನು ತಿನ್ನುತ್ತಿದೆ, ಇನ್ನೊಂದು ರಾತ್ರಿ ಬೇಕು. ಇಳಿಯದೆ ನಿಂತಿದ್ದರೆ, ಸೆರೆಯಾದ ಕ್ಲೋರಿನ್ ಕೂಡ ಇಲ್ಲವೆನ್ನುವಷ್ಟಾಗಿದ್ದರೆ, ತಳದ ಜಾಲರಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿದ್ದರೆ ನೀರು ಗುಣವಾಯಿತೆಂದು ತಿಳಿಯಿರಿ.

ಅಂಥ ಬೆಳಿಗ್ಗೆ ಕೊಳದ ದಡದಲ್ಲಿ ನಿಂತರೆ ಯಾವ ಘಾಟೂ ಇರುವುದಿಲ್ಲ. ನನಗೆ ಆಗ ಅಜ್ಜಿಯ ಬಾವಿಕಟ್ಟೆ ನೆನಪಾಗುತ್ತದೆ. ನಸುಕಿನಲ್ಲಿ ರಾಟೆಯ ಗಂಟು ಬಿಚ್ಚಿ, ಮೊದಲ ಕೊಡ ಸೇದಿ, ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿ, ‘ಇನ್ನು ಅಡ್ಡಿಯಿಲ್ಲ, ಬನ್ನಿ’ ಎಂದು ಅವರು ನಮ್ಮನ್ನು ಕರೆಯುತ್ತಿದ್ದರು.